ಯಾದಗಿರಿ ನಗರಸಭೆಯ ಸಾಮಾನ್ಯ ಸಭೆಯಲ್ಲಿ ಏನೇನು ನಡೆಯುತ್ತದೆ? ನಮ್ಮ ಚರಂಡಿ ವಿಷಯ ಅಲ್ಲಿಗೆ ಹೋಗುತ್ತಾ?

ಹೋಗುತ್ತದೆ, ಆದರೆ ನೇರವಾಗಿ ನೀವೇ ಎದ್ದು ನಿಂತು ಮಾತಾಡೋಕೆ ಆಗಲ್ಲ. ನಿಮ್ಮ ವಾರ್ಡಿನ ಸದಸ್ಯರೇ ಎತ್ತಬೇಕು.

1964ರ ಕರ್ನಾಟಕ ಪುರಸಭೆಗಳ ಕಾಯ್ದೆ ಪ್ರಕಾರ ತಿಂಗಳಿಗೊಂದು ಸಾಮಾನ್ಯ ಸಭೆ ಆಗಬೇಕು. ಅಧ್ಯಕ್ಷರು ಸಭೆ ನಡೆಸುತ್ತಾರೆ, ಪೌರಾಯುಕ್ತರು ಕಡತ ಹಿಡಿದು ಪಕ್ಕದಲ್ಲಿ ಕೂತಿರುತ್ತಾರೆ. ಶಾಸಕರು, ಸಂಸದರಿಗೂ ಮತ ಇದೆ, ನಾಮನಿರ್ದೇಶಿತ ಸದಸ್ಯರಿಗೆ ಇಲ್ಲ.

ಮೊದಲು ಹಿಂದಿನ ಸಭೆಯ ನಡವಳಿ ಓದಿ ಒಪ್ಪುತ್ತಾರೆ. ಆಮೇಲೆ ಜಮಾ-ಖರ್ಚು, ಟೆಂಡರ್, ಬೀದಿ ದೀಪ, ಮಳಿಗೆ ಬಾಡಿಗೆ ಹೀಗೆ. ಕೆಲಸ ಮುಗಿದ ಮೇಲೆ ಬಿಲ್ ತಂದು 'ಘಟನೋತ್ತರ ಮಂಜೂರಾತಿ' ಕೇಳುವ ಸಾಲೊಂದು ಕಾರ್ಯಸೂಚಿಯಲ್ಲಿ ಇದ್ದರೆ ಅದನ್ನು ಗಮನವಿಟ್ಟು ಓದಿ, ಗಲಾಟೆ ಜಾಸ್ತಿ ಆಗೋದು ಅಲ್ಲೇ. ಬೇಸಿಗೆ ಬಂತೆಂದರೆ ಭೀಮಾ ನದಿ ನೀರು ಎಷ್ಟು ದಿನಕ್ಕೊಮ್ಮೆ ಬಿಡ್ತೀರಿ ಅಂತ ಶುರುವಾದ ಮಾತು ಮಿಕ್ಕ ವಿಷಯವನ್ನೆಲ್ಲ ನುಂಗಿಬಿಡುತ್ತದೆ.

ಹಾಗಾಗಿ ಸಭೆಯ ದಿನ ಸುಮ್ನೆ ಫೋನ್ ಮಾಡಬೇಡಿ. ಕಾರ್ಯಸೂಚಿ ತಯಾರಾಗೋ ಮೊದಲೇ, ಓಣಿಯ ನಾಲ್ಕೈದು ಮನೆಯವರ ಸಹಿ ಹಾಕಿಸಿ ಅರ್ಜಿ ಕೊಡಿ, ಒಂದು ಪ್ರತಿ ಸದಸ್ಯರ ಕೈಗೂ ಇಡಿ. ಸ್ವೀಕೃತಿ ಮುದ್ರೆ ಒತ್ತಿಸಿಕೊಳ್ಳೋದು ಮರೀಬೇಡಿ ಮತ್ತೆ.