ಪೋರ್ಟ್ ತೆರೆದರೂ ಸಿಗದ ಅಂಗಡಿಯ ಕಂಪ್ಯೂಟರ್

ಪ್ರಶ್ನೆ: ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿಯ ಲೆಕ್ಕ ಬರೆಯುತ್ತೇನೆ. ಮನೆ ಹಾವೇರಿಯಲ್ಲಿ. ಅಂಗಡಿಯ ಕಂಪ್ಯೂಟರ್ ವಿಂಡೋಸ್ 11 ಪ್ರೊ. ರೂಟರಿನಲ್ಲಿ 3389 ಪೋರ್ಟ್ (ಹೊರಗಿನಿಂದ ಒಳಬರುವ ಬಾಗಿಲು) ತೆರೆಸಿ ಮನೆಯಿಂದ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ, ಅಂದರೆ ದೂರದಿಂದಲೇ ಆ ಕಂಪ್ಯೂಟರ್ ನಡೆಸುವ ವಿಂಡೋಸ್ ಸೌಲಭ್ಯದಲ್ಲಿ, ಸೇರುತ್ತಿದ್ದೆ. ಇಂಟರ್‌ನೆಟ್ ಕಂಪನಿ ಬದಲಿಸಿದಾಗಿನಿಂದ ಸೇರುತ್ತಲೇ ಇಲ್ಲ.
– ಓದುಗರು, ಹಾವೇರಿ

ಉತ್ತರ: ಸೇರದೇ ಹೋದದ್ದು ಒಂದು ಲೆಕ್ಕಕ್ಕೆ ಒಳ್ಳೆಯದೇ. 3389 ಅನ್ನು ಇಂಟರ್‌ನೆಟ್‌ಗೆ ತೆರೆದಿಟ್ಟರೆ ಪಾಸ್‌ವರ್ಡ್ ಊಹಿಸುವ ಪ್ರೋಗ್ರಾಂಗಳು ಹಗಲೂ ರಾತ್ರಿ ಬಾಗಿಲು ಬಡಿಯುತ್ತಿರುತ್ತವೆ. ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಒಳಬರುವ ದಾರಿಗಳಲ್ಲಿ ಇದೂ ಒಂದು. ಮೊದಲು ಆ ಪೋರ್ಟ್ ಮುಚ್ಚಿಸಿ.

ರೂಟರಿನ ಸೆಟ್ಟಿಂಗ್ ಪುಟದಲ್ಲಿ ವ್ಯಾನ್ ಐಪಿ (ಇಂಟರ್‌ನೆಟ್ ಕಂಪನಿ ರೂಟರಿಗೆ ಕೊಟ್ಟ ವಿಳಾಸ) ನೋಡಿ. ಅದು 100.64ರಿಂದ 100.127ರೊಳಗೆ ಶುರುವಾಗಿದ್ದರೆ ಕಾರಣ ಸಿಕ್ಕಂತೆಯೇ: ಕಂಪನಿ ಒಂದೇ ಹೊರ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚಿದೆ. ಹೊರಗಿನಿಂದ ಬಂದ ಕರೆ ನಿಮ್ಮ ರೂಟರಿನವರೆಗೆ ಬರುವುದೇ ಇಲ್ಲ, ಅಲ್ಲಿ ಎಷ್ಟು ಪೋರ್ಟ್ ತೆರೆದರೂ ಅಷ್ಟೇ.

ಇದಕ್ಕೆ ದಾರಿ ಟೇಲ್‌ಸ್ಕೇಲ್: ಪೋರ್ಟ್ ತೆರೆಯದೆಯೇ ನಿಮ್ಮ ಯಂತ್ರಗಳನ್ನು ಖಾಸಗಿಯಾಗಿ ಜೋಡಿಸುವ ಪ್ರೋಗ್ರಾಂ. ಮನೆಯ, ಅಂಗಡಿಯ ಎರಡೂ ಕಂಪ್ಯೂಟರಿಗೆ ಅದನ್ನು ಹಾಕಿ, ಒಂದೇ ಖಾತೆಯಿಂದ ಲಾಗಿನ್ ಆಗಿ. ಅಂಗಡಿಯ ಯಂತ್ರಕ್ಕೊಂದು ವಿಳಾಸ ಸಿಗುತ್ತದೆ (ಇದೂ 100ರಿಂದಲೇ ಶುರು, ಮೇಲಿನದರ ಜೊತೆ ಗೊಂದಲ ಬೇಡ). ಮನೆಯಲ್ಲಿ ವಿಂಡೋಸ್ ಮತ್ತು ಆರ್ ಕೀ ಒತ್ತಿ, mstsc ಎಂದು ಇಂಗ್ಲಿಷ್‌ನಲ್ಲಿ ಹೊಡೆದು, ತೆರೆಯುವ ರಿಮೋಟ್ ಡೆಸ್ಕ್‌ಟಾಪ್ ಕಿಟಕಿಯಲ್ಲಿ ಆ ವಿಳಾಸ ಕೊಡಿ. ಟೇಲ್‌ಸ್ಕೇಲ್‌ನಲ್ಲಿ ಎರಡು ಕಡೆ ಜನ ಎಡವುತ್ತಾರೆ. ಅಂಗಡಿಯ ಯಂತ್ರದಲ್ಲಿ 'ರನ್ ಅನ್‌ಅಟೆಂಡೆಡ್' ಆನ್ ಮಾಡದಿದ್ದರೆ ರೀಸ್ಟಾರ್ಟ್ ಆದ ಮೇಲೆ ಅಲ್ಲಿ ಯಾರಾದರೂ ಲಾಗಿನ್ ಆಗುವವರೆಗೆ ಸಂಪರ್ಕವಿಲ್ಲ. ಇನ್ನು, ಟೇಲ್‌ಸ್ಕೇಲ್‌ನ ಕೀ (ಯಂತ್ರದ ಲಾಗಿನ್ ಗುರುತು) ಸಾಮಾನ್ಯವಾಗಿ 180 ದಿನಕ್ಕೆ ಮುಗಿಯುತ್ತದೆ. ಟೇಲ್‌ಸ್ಕೇಲ್‌ನ ಅಡ್ಮಿನ್ ಪುಟದಲ್ಲಿ ಅಂಗಡಿಯ ಯಂತ್ರಕ್ಕೆ ಕೀ ಎಕ್ಸ್‌ಪೈರಿ ನಿಲ್ಲಿಸಿ.

ರಿಮೋಟ್ ಡೆಸ್ಕ್‌ಟಾಪ್‌ಗೆ ವಿಂಡೋಸ್ ಪಿನ್ ನಡೆಯುವುದಿಲ್ಲ, ಪಾಸ್‌ವರ್ಡೇ ಬೇಕು. ಸರಿಯಾದ ಪಾಸ್‌ವರ್ಡೂ ತಪ್ಪೆಂದು ಬಂದರೆ ಅಂಗಡಿಯಲ್ಲೇ ಕೂತು ಒಮ್ಮೆ ಪಿನ್ ಬಿಟ್ಟು ಪಾಸ್‌ವರ್ಡ್‌ನಿಂದ ಲಾಗಿನ್ ಆಗಿ.

ಅಂಗಡಿಯ ಯಂತ್ರದ ಪವರ್ ಸೆಟ್ಟಿಂಗ್‌ನಲ್ಲಿ ಸ್ಲೀಪ್ 'ನೆವರ್' ಇರಲಿ. ಕರೆಂಟ್ ಹೋಗಿ ಬಂದಾಗ ತಾನೇ ಚಾಲೂ ಆಗಲು ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮುನ್ನ ತೆರೆಯುವ ಸೆಟ್ಟಿಂಗ್) 'ಎಸಿ ಪವರ್ ಲಾಸ್' ಎಂದಿರುವಲ್ಲಿ 'ಪವರ್ ಆನ್' ಆರಿಸಿ. ಯುಪಿಎಸ್‌ಗೆ ರೂಟರನ್ನೂ ಸೇರಿಸಿ, ಕಂಪ್ಯೂಟರ್ ಎದ್ದಿದ್ದು ರೂಟರ್ ಮಲಗಿದ್ದರೆ ಏನು ಬಂತು? ಕೆಲಸ ಮುಗಿಸಿ ಪರದೆಯ ಮೇಲಿನ ಕತ್ತರಿ (X) ಗುರುತು ಒತ್ತಿ. ಶಟ್‌ಡೌನ್ ಒತ್ತಿದಿರೋ, ಆರುವುದು ಅಂಗಡಿಯದು.

ಪ್ರೊದಲ್ಲಿ ಒಮ್ಮೆಗೆ ಒಬ್ಬರೇ. ನೀವು ಸೇರಿದರೆ ಅಲ್ಲಿ ಬಿಲ್ ಮಾಡುತ್ತಿರುವವರ ಪರದೆ ಲಾಕ್ ಆಗುತ್ತದೆ. ಸೋಮವಾರ, ಗುರುವಾರ ಪೇಟೆಯ ದಿನ ಒಂದು ಫೋನ್ ಮಾಡಿಯೇ ಸೇರಿ.

ಪ್ರಶ್ನೆ: ಮನೆಯಿಂದ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಸೇರಿ ಪ್ರಿಂಟ್ ಕೊಟ್ಟರೆ ಕಾಗದ ಹುಬ್ಬಳ್ಳಿಯ ಆಫೀಸಿನಲ್ಲಿ ಬರುತ್ತದೆ!
– ಓದುಗರು, ಗದಗ

ಉತ್ತರ: ಸೇರುವ ಮುನ್ನ ವಿಳಾಸ ಕೊಡುವ ರಿಮೋಟ್ ಡೆಸ್ಕ್‌ಟಾಪ್ ಕಿಟಕಿಯಲ್ಲಿ 'ಶೋ ಆಪ್ಷನ್ಸ್', 'ಲೋಕಲ್ ರಿಸೋರ್ಸಸ್' ತೆರೆದು 'ಪ್ರಿಂಟರ್ಸ್' ಟಿಕ್ ಮಾಡಿ. ಪ್ರಿಂಟ್ ಕೊಡುವಾಗ ಹೆಸರಿನ ಕೊನೆಯಲ್ಲಿ 'ರೀಡೈರೆಕ್ಟೆಡ್' ಎಂದಿರುವ ಪ್ರಿಂಟರ್ ಆರಿಸಿ, ಮನೆಯದು ಅದೇ.