ಓದುಗರ ಪ್ರಶ್ನೆ, ನಮ್ಮ ಉತ್ತರ: ಮಿತ ಖರ್ಚಿನ ಗೇಮಿಂಗ್ ಕಂಪ್ಯೂಟರಿಗೆ ಹೊಂದುವ ಬಿಡಿಭಾಗಗಳು

ಪ್ರಶ್ನೆ: ಎಂಜಿನಿಯರಿಂಗ್ ಸೇರಿರುವ ಮಗನಿಗೆ ಓದಿಗೂ ಆಟಕ್ಕೂ ಆಗುವಂತಹ ಕಂಪ್ಯೂಟರನ್ನು ಅಸೆಂಬಲ್ ಮಾಡಿಸಬೇಕೆಂದಿದ್ದೇನೆ. ಅಂಗಡಿಯವರು ಕೊಟ್ಟ ಪಟ್ಟಿಯಲ್ಲಿ ರೈಜೆನ್ 5 5600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 16 ಜಿಬಿಯ ಒಂದೇ ರ‍್ಯಾಮ್, 4 ಜಿಬಿಯ ಆರ್‌ಎಕ್ಸ್ 6500 ಎಕ್ಸ್‌ಟಿ ಗ್ರಾಫಿಕ್ಸ್ ಕಾರ್ಡ್, 500 ಜಿಬಿ ಎಸ್‌ಎಸ್‌ಡಿ ಹಾಗೂ ಕ್ಯಾಬಿನೆಟ್ಟಿನ ಜೊತೆಗೇ ಬರುವ, ಎಲ್ಲ ಭಾಗಗಳಿಗೂ ವಿದ್ಯುತ್ ಒದಗಿಸುವ 450 ವ್ಯಾಟಿನ ಎಸ್‌ಎಂಪಿಎಸ್ ಇವೆ. ಇವೆಲ್ಲ ಒಂದಕ್ಕೊಂದು ಹೊಂದುತ್ತವೆಯೇ? ಮನೆಯಲ್ಲಿರುವುದು 1080ಪಿ ಮಾನಿಟರ್. (ದಾವಣಗೆರೆಯ ಓದುಗರು)

ಉತ್ತರ: ನೀವು ಕಳುಹಿಸಿದ ಪಟ್ಟಿಯಲ್ಲಿ ಒಂದಕ್ಕೊಂದು ಜೋಡಿಸಲಾಗದಂತಹ ಭಾಗ ಯಾವುದೂ ಇಲ್ಲ. ಆದರೆ ಸಾಕೆಟ್ಟಿನಲ್ಲಿ ಸರಿಯಾಗಿ ಕೂತ ಮಾತ್ರಕ್ಕೆ ಭಾಗಗಳು ಒಂದಕ್ಕೊಂದು ಹೊಂದಿಕೊಂಡು ಕೆಲಸ ಮಾಡುತ್ತವೆ ಎಂದಾಗುವುದಿಲ್ಲ. ಕೊಟ್ಟ ಹಣಕ್ಕೆ ತಕ್ಕ ಫಲ ಸಿಗದಂತೆ ಮಾಡುವ ಕೆಲವು ಜೋಡಿಗಳು ಇದರಲ್ಲಿವೆ, ಮತ್ತು ಅಪಾಯವನ್ನೇ ತರಬಲ್ಲ ಒಂದು ವಸ್ತುವೂ ಇದೆ.

ಮೊದಲು ಪ್ರೊಸೆಸರ್ ಮತ್ತು ಮದರ್‌ಬೋರ್ಡನ್ನು ನೋಡೋಣ. ಎರಡೂ ಎಎಂ4 ಎಂಬ ಸಾಕೆಟ್ಟಿನವು (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗದ ಮಾದರಿ), ಎರಡಕ್ಕೂ ಬೇಕಾದದ್ದು ಡಿಡಿಆರ್4 ರ‍್ಯಾಮ್. ಆದರೆ ಬಿ450 ಚಿಪ್‌ಸೆಟ್ 2018ರಲ್ಲಿ ಬಂದದ್ದು, ರೈಜೆನ್ 5 5600 ಮಾರುಕಟ್ಟೆಗೆ ಬಂದದ್ದು 2022ರ ಏಪ್ರಿಲ್‌ನಲ್ಲಿ. ಅಂಗಡಿಯಲ್ಲಿ ಬಹಳ ಕಾಲ ಉಳಿದಿದ್ದ ಬೋರ್ಡಿನ ಬಯೋಸ್ (ಕಂಪ್ಯೂಟರನ್ನು ಆರಂಭಿಸುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಹಳೆಯದಾಗಿದ್ದರೆ ಅದು ಈ ಪ್ರೊಸೆಸರನ್ನು ಗುರುತಿಸುವುದಿಲ್ಲ. ಫ್ಯಾನು ತಿರುಗುತ್ತದೆ, ದೀಪ ಉರಿಯುತ್ತದೆ, ಪರದೆಯ ಮೇಲೆ ಮಾತ್ರ ಏನೂ ಮೂಡುವುದಿಲ್ಲ. ಆದ್ದರಿಂದ ‘ಬಿ450’ ಎಂದಷ್ಟೇ ಬರೆದ ಕೊಟೇಶನ್ನಿಗೆ ಒಪ್ಪದೆ, ಬೋರ್ಡಿನ ಪೂರ್ಣ ಮಾಡೆಲ್ ಹೆಸರನ್ನು ಬರೆಸಿಕೊಳ್ಳಿ. ತಯಾರಕರ ಜಾಲತಾಣದಲ್ಲಿ ಆ ಮಾಡೆಲ್ಲಿಗೆ ಹೊಂದುವ ಪ್ರೊಸೆಸರುಗಳ ಪಟ್ಟಿಯಿದ್ದು, ಪ್ರತಿಯೊಂದು ಹೆಸರಿನ ಎದುರು ಅದಕ್ಕೆ ಕನಿಷ್ಠ ಯಾವ ಬಯೋಸ್ ಆವೃತ್ತಿ ಬೇಕೆಂದು ನಮೂದಾಗಿರುತ್ತದೆ. ಅಷ್ಟು ಹೊಸ ಬಯೋಸನ್ನು ಹಾಕಿಕೊಡುವ ಹೊಣೆಯನ್ನು ಅಂಗಡಿಯವರೇ ಹೊರಬೇಕೆಂದು ಮುಂಗಡ ಕೊಡುವ ಮೊದಲೇ ಹೇಳಿಬಿಡಿ.

ಇನ್ನು ಗ್ರಾಫಿಕ್ಸ್ ಕಾರ್ಡ್. ಪಟ್ಟಿಯಲ್ಲಿ ನನಗೆ ಒಪ್ಪಿಗೆಯಾಗದ ಮೊದಲ ಆಯ್ಕೆ ಇದೇ. ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡು ನೋಡಲು ಉದ್ದನೆಯ ಸ್ಲಾಟನ್ನೆಲ್ಲ ತುಂಬಿದರೂ ಮದರ್‌ಬೋರ್ಡಿನೊಂದಿಗೆ ಮಾತಾಡಲು ಬಳಸುವುದು ಪಿಸಿಐಇ ಎಂಬ ಆ ಸ್ಲಾಟಿನ 16 ಲೇನುಗಳಲ್ಲಿ (ಮಾಹಿತಿ ಓಡಾಡುವ ದಾರಿಗಳಲ್ಲಿ) 4ನ್ನು ಮಾತ್ರ. ನಾಲ್ಕನೆಯ ಪೀಳಿಗೆಯ ಸ್ಲಾಟಿನಲ್ಲಿ ಈ ಕೊರತೆ ಅಷ್ಟಾಗಿ ಕಾಣದೆ ಹೋಗಬಹುದು. ಬಿ450 ಬೋರ್ಡಿನಲ್ಲಿರುವುದು ಮೂರನೆಯ ಪೀಳಿಗೆಯ ಸ್ಲಾಟು, ಅದರಲ್ಲಿ ಪ್ರತಿ ಲೇನಿನ ವೇಗವೂ ಅರ್ಧಕ್ಕೆ ಇಳಿಯುತ್ತದೆ. ಇಂದಿನ ದೊಡ್ಡ ಆಟಗಳು 4 ಜಿಬಿ ವಿಡಿಯೋ ಮೆಮೊರಿಯನ್ನು ಬೇಗನೆ ತುಂಬಿಬಿಡುವುದರಿಂದ, ಉಳಿದ ಚಿತ್ರಮಾಹಿತಿಯು ಇದೇ ಇಕ್ಕಟ್ಟಿನ ದಾರಿಯಲ್ಲಿ ರ‍್ಯಾಮಿಗೂ ಕಾರ್ಡಿಗೂ ಓಡಾಡಬೇಕಾಗುತ್ತದೆ, ಆಟ ತಡವರಿಸುತ್ತದೆ. ಸಾಲದ್ದಕ್ಕೆ, ಆಡುವುದನ್ನು ವಿಡಿಯೋ ಆಗಿ ದಾಖಲಿಸಿಕೊಳ್ಳಲು ಬೇಕಾದ ಎನ್‌ಕೋಡರ್ ಈ ಕಾರ್ಡಿನಲ್ಲಿ ಇಲ್ಲ. ಸ್ವಲ್ಪ ಹೆಚ್ಚು ಹಣ ಹೊಂದಿಸಿ 8 ಜಿಬಿಯ ಆರ್‌ಎಕ್ಸ್ 6600 ಕೊಳ್ಳಲು ಸಾಧ್ಯವಾದರೆ ಅದನ್ನೇ ಕೊಳ್ಳಿ. ಅದು 8 ಲೇನ್ ಬಳಸುತ್ತದೆ, 132 ವ್ಯಾಟ್ ಸಾಕು ಎನ್ನುತ್ತದೆ, ನಿಮ್ಮ 1080ಪಿ ಮಾನಿಟರಿಗೆ ತಕ್ಕ ಶಕ್ತಿಯೂ ಅದಕ್ಕಿದೆ. ಆ ಹೆಚ್ಚಿನ ಹಣಕ್ಕಾಗಿ ಬಣ್ಣದ ದೀಪಗಳ ಕ್ಯಾಬಿನೆಟ್ ಅಥವಾ ಪ್ರೊಸೆಸರಿಗೆ ಪ್ರತ್ಯೇಕ ಕೂಲರ್ ಕೊಳ್ಳುವ ಯೋಚನೆಯಿದ್ದರೆ ಅದನ್ನು ಕೈಬಿಡಬಹುದು. ಡಬ್ಬಿಯಲ್ಲಿ ಬರುವ 5600ರ ಜೊತೆಗೇ ಕೂಲರ್ ಇರುತ್ತದೆ.

16 ಜಿಬಿಯ ಒಂದೇ ರ‍್ಯಾಮಿನ ಬದಲು 8 ಜಿಬಿಯ ಎರಡನ್ನು, 3200 ವೇಗದ್ದನ್ನು, ಹಾಕಿಸಿ. ಎರಡು ಚಾನೆಲ್‌ಗಳು ಒಟ್ಟಿಗೆ ಕೆಲಸ ಮಾಡುವುದರಿಂದ ಪ್ರೊಸೆಸರಿಗೆ ಮಾಹಿತಿ ತಲುಪುವ ವೇಗ ಹೆಚ್ಚುತ್ತದೆ. ಬೋರ್ಡಿನಲ್ಲಿ ನಾಲ್ಕು ಸ್ಲಾಟುಗಳಿದ್ದರೆ ಪ್ರೊಸೆಸರಿನ ಕಡೆಯಿಂದ ಎಣಿಸಿ ಸಾಮಾನ್ಯವಾಗಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿನಲ್ಲಿ ಇವು ಕೂರಬೇಕು. ಬಯೋಸ್‌ನಲ್ಲಿ ಎಕ್ಸ್‌ಎಂಪಿ ಆಯ್ಕೆಯನ್ನು ಆನ್ ಮಾಡಲು ಮರೆಯಬೇಡಿ. ಇಲ್ಲವಾದರೆ 3200 ಎಂದು ಅಚ್ಚಾಗಿರುವ ರ‍್ಯಾಮ್ ಕೂಡ ಅನೇಕ ವೇಳೆ 2133 ಅಥವಾ 2400ರ ವೇಗದಲ್ಲೇ ಉಳಿದುಬಿಡುತ್ತದೆ. ಒಂದೊಂದು ಆಟವೇ 100 ಜಿಬಿ ದಾಟುವ ಈ ಕಾಲದಲ್ಲಿ 500 ಜಿಬಿ ಎಸ್‌ಎಸ್‌ಡಿ ಬೇಗ ತುಂಬುತ್ತದೆಯಾದರೂ ಅದನ್ನು ಮುಂದೆಯೂ ಹೆಚ್ಚಿಸಿಕೊಳ್ಳಬಹುದು.

ಎಸ್‌ಎಂಪಿಎಸ್ ವಿಷಯದಲ್ಲಿ ನಾನು ರಾಜಿಗೆ ಸಿದ್ಧನಿಲ್ಲ. ಕ್ಯಾಬಿನೆಟ್ಟಿನೊಂದಿಗೆ ಪುಕ್ಕಟೆಯಾಗಿ ಬರುವ ಎಸ್‌ಎಂಪಿಎಸ್‌ನ ಬದಿಯಲ್ಲಿ ಅಂಟಿಸಿರುವ ಪಟ್ಟಿಯನ್ನು ಓದಿ ನೋಡಿ. ದೊಡ್ಡ ಅಕ್ಷರದಲ್ಲಿ 450 ಎಂದಿರುತ್ತದೆ; ಕೆಳಗಿನ ಕೋಷ್ಟಕದಲ್ಲಿ +12 ವೋಲ್ಟ್ ಎಂಬ ಕಡೆ ಕೊಟ್ಟಿರುವ ಆಂಪಿಯರನ್ನು 12ರಿಂದ ಗುಣಿಸಿದರೆ ಪ್ರೊಸೆಸರಿಗೂ ಕಾರ್ಡಿಗೂ ನಿಜಕ್ಕೂ ಸಿಗುವ ವ್ಯಾಟ್ ಎಷ್ಟೆಂದು ತಿಳಿಯುತ್ತದೆ. 14 ಆಂಪಿಯರ್ ಎಂದಿದ್ದರೆ ಅದು 168 ವ್ಯಾಟ್ ಮಾತ್ರ. ಪ್ರೊಸೆಸರಿಗೆ 76, ಕಾರ್ಡಿಗೆ 132 ಎಂದು ಕೂಡಿಸಿದರೇ ಆ ಮಿತಿ ಮೀರಿಹೋಗುತ್ತದೆ. ಇಂತಹ ಎಸ್‌ಎಂಪಿಎಸ್‌ಗಳಲ್ಲಿ ಕಾರ್ಡಿಗೆ ಬೇಕಾದ 8 ಪಿನ್ನಿನ ಕೇಬಲ್ಲೂ ಹಲವು ಬಾರಿ ಇರುವುದಿಲ್ಲ. ಆಗ ಹಳೆಯ ಹಾರ್ಡ್‌ಡಿಸ್ಕಿಗೆ ವಿದ್ಯುತ್ ಕೊಡುವ ತೆಳು ತಂತಿಗಳಿಗೆ ಅಡಾಪ್ಟರ್ ಸಿಕ್ಕಿಸಿ ಕಾರ್ಡಿಗೆ ಜೋಡಿಸಿಬಿಡುವವರಿದ್ದಾರೆ. ಆ ತಂತಿ ಬಿಸಿಯಾಗಿ ಪ್ಲಾಸ್ಟಿಕ್ ಕರಗುವ ಸಂಭವವಿರುವುದರಿಂದ ದಯವಿಟ್ಟು ಅದಕ್ಕೆ ಒಪ್ಪಬೇಡಿ. 80 ಪ್ಲಸ್ ಬ್ರಾಂಜ್ ದರ್ಜೆಯ (ವಿದ್ಯುತ್ ಪೋಲಾಗುವುದು ಕಡಿಮೆ ಎಂಬುದರ ಗುರುತು), ನೇರವಾಗಿ 6+2 (ಒಟ್ಟು 8) ಪಿನ್ನಿನ ಕೇಬಲ್ ಇರುವ, ಹಲವು ವರ್ಷಗಳ ವಾರಂಟಿಯುಳ್ಳ 500 ಅಥವಾ 550 ವ್ಯಾಟಿನ ಎಸ್‌ಎಂಪಿಎಸ್ ನಿಮಗೆ ಸಾಕು. ಅದಕ್ಕಿಂತ ದೊಡ್ಡದಕ್ಕೆ ಹಣ ಸುರಿಯಬೇಕಾಗಿಲ್ಲ.

ಪ್ರಶ್ನೆ: ಕಚೇರಿಯೊಂದು ವಿಲೇವಾರಿ ಮಾಡಿದ, ನಾಲ್ಕನೆಯ ಪೀಳಿಗೆಯ ಐ5 ಪ್ರೊಸೆಸರ್ ಇರುವ ಪುಟ್ಟ ಕಂಪ್ಯೂಟರನ್ನು ಅಗ್ಗಕ್ಕೆ ಕೊಂಡಿದ್ದೇನೆ. ಇದಕ್ಕೆ ಗ್ರಾಫಿಕ್ಸ್ ಕಾರ್ಡ್ ಹಾಕಿ ಗೇಮಿಂಗಿಗೆ ಬಳಸಬಹುದೇ? (ಶಿರಸಿಯ ಓದುಗರು)

ಉತ್ತರ: ಬಳಸಬಹುದು, ಆದರೆ ಆಯ್ಕೆ ತೀರಾ ಕಿರಿದು. ಇಂತಹ ಪುಟ್ಟ ಕ್ಯಾಬಿನೆಟ್ಟುಗಳಲ್ಲಿ ಅರ್ಧ ಎತ್ತರದ ಕಾರ್ಡುಗಳಷ್ಟೇ ಹಿಡಿಯುತ್ತವೆ, ಎಸ್‌ಎಂಪಿಎಸ್ 250 ವ್ಯಾಟಿನ ಆಸುಪಾಸಿನದಾಗಿರುತ್ತದೆ, ಅದರ ಆಕಾರವೂ ಕನೆಕ್ಟರೂ ಆ ಕಂಪನಿಯದೇ ಆದ ವಿಶೇಷ ಮಾದರಿಯಾಗಿದ್ದರೆ ಪೇಟೆಯಲ್ಲಿ ಸಿಗುವ ಸಾಮಾನ್ಯ ಎಸ್‌ಎಂಪಿಎಸ್ ಅದಕ್ಕೆ ಕೂರುವುದಿಲ್ಲ. ಹಾಗಾಗಿ ಸ್ಲಾಟು ಕೊಡುವ 75 ವ್ಯಾಟಿನಲ್ಲೇ ನಡೆಯುವ, ಬೇರೆ ಕೇಬಲ್ ಬೇಡದ ಕಾರ್ಡನ್ನೇ ಹುಡುಕಬೇಕು. ಜಿಟಿಎಕ್ಸ್ 1650ರ ಕೆಲವು ಮಾದರಿಗಳು ಮತ್ತು 6 ಜಿಬಿಯ ಆರ್‌ಟಿಎಕ್ಸ್ 3050 ಈ ವರ್ಗಕ್ಕೆ ಸೇರುತ್ತವೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ: ಇದೇ 3050 ಹೆಸರಿನಲ್ಲಿ 8 ಜಿಬಿಯ ಕಾರ್ಡೂ ಇದ್ದು, ಅದು 130 ವ್ಯಾಟ್ ಎಳೆಯುತ್ತದೆ ಮತ್ತು ಪ್ರತ್ಯೇಕ ವಿದ್ಯುತ್ ಕೇಬಲ್ ಬೇಡುತ್ತದೆ.

ಆದರೂ ಇದಕ್ಕೆ ದೊಡ್ಡ ಮೊತ್ತ ಹಾಕಬೇಡಿ ಎಂಬುದೇ ನನ್ನ ಸಲಹೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಇಂಟೆಲ್‌ನ ಎಂಟನೆಯ ಪೀಳಿಗೆಗಿಂತ ಹಳೆಯ ಪ್ರೊಸೆಸರನ್ನು, ಬೆರಳೆಣಿಕೆಯ ಕೆಲವನ್ನು ಬಿಟ್ಟರೆ, ಅಧಿಕೃತವಾಗಿ ಒಪ್ಪುವುದಿಲ್ಲ. ಬೇರೆ ದಾರಿಯಿಂದ ವಿಂಡೋಸ್ 11 ಹಾಕಿಕೊಂಡರೂ, ಅದರಲ್ಲಿ ವ್ಯಾಲರಂಟ್ ಎಂಬ ಆನ್‌ಲೈನ್ ಆಟ ಆಡಲು ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಎರಡು ಭದ್ರತಾ ಸೌಲಭ್ಯಗಳು ಕಂಪ್ಯೂಟರಿನಲ್ಲಿ ಇರಲೇಬೇಕು. ಹಳೆಯ ಆಟಗಳನ್ನು ಆಡಲು ಸೆಕೆಂಡ್ ಹ್ಯಾಂಡ್ ಕಾರ್ಡೊಂದನ್ನು ಹಾಕಿಕೊಂಡು ಸದ್ಯಕ್ಕೆ ಸಂತೋಷಪಡಿ, ಹೊಸ ಹಣವನ್ನು ಹೊಸ ಬೋರ್ಡಿಗೆಂದು ಕೂಡಿಡಿ.

ಪ್ರಶ್ನೆ: ಆಟ ಆರಂಭಿಸಿದ ಕೂಡಲೇ ಕರೆಂಟು ಹೋದರೆ ನನ್ನ 600 ವಿಎ ಯುಪಿಎಸ್ ಕಿರುಚಿ ಆಫ್ ಆಗುತ್ತದೆ. ಬರೀ ಟೈಪಿಂಗ್ ಮಾಡುವಾಗ ಹೀಗಾಗುವುದಿಲ್ಲ. ಬೇಸಿಗೆಯಲ್ಲಿ ಕಂಪ್ಯೂಟರ್ ತುಂಬಾ ಬಿಸಿಯಾಗುವುದೂ ಇದಕ್ಕೆ ಕಾರಣವೇ? (ಕಲಬುರಗಿಯ ಓದುಗರು)

ಉತ್ತರ: ಅದಕ್ಕೂ ಇದಕ್ಕೂ ಸಂಬಂಧವಿಲ್ಲ. 600 ವಿಎ ಎಂದು ಬರೆದಿರುವ ಮನೆಬಳಕೆಯ ಯುಪಿಎಸ್ ಸಾಮಾನ್ಯವಾಗಿ ಕೊಡಬಲ್ಲದ್ದು 360 ವ್ಯಾಟ್, ಬ್ಯಾಟರಿ ಹಳೆಯದಾದಂತೆ ಅದೂ ಕುಗ್ಗುತ್ತದೆ. ಟೈಪಿಂಗ್ ಮಾಡುವಾಗ ಗ್ರಾಫಿಕ್ಸ್ ಕಾರ್ಡು ಹೆಚ್ಚೇನೂ ವಿದ್ಯುತ್ ಎಳೆಯುವುದಿಲ್ಲ, ಆಟದಲ್ಲಿ ಪೂರ್ತಿ ಎಳೆಯುತ್ತದೆ. ಮಾನಿಟರ್ ಮತ್ತು ಕಂಪ್ಯೂಟರನ್ನು ಬಿಟ್ಟು ಸ್ಪೀಕರ್, ಪ್ರಿಂಟರ್ ಮುಂತಾದವನ್ನು ಯುಪಿಎಸ್‌ನಿಂದ ತೆಗೆದು ನೋಡಿ. ಆಗಲೂ ನಿಲ್ಲದಿದ್ದರೆ 1000 ವಿಎ ಯುಪಿಎಸ್ ಕೊಳ್ಳಬೇಕಾಗುತ್ತದೆ. ಬಿಸಿಯ ಮಾತಿಗೆ ಬಂದರೆ, 40 ಡಿಗ್ರಿ ದಾಟುವ ನಿಮ್ಮ ಊರಿನಲ್ಲಿ ಮುಂಭಾಗಕ್ಕೆ ಗಾಜು ಹಾಕಿದ ಕ್ಯಾಬಿನೆಟ್ಟಿಗಿಂತ ಜಾಲರಿಯಿರುವ ಕ್ಯಾಬಿನೆಟ್ಟೇ ಮೇಲು; ಮುಂದೆ ಗಾಳಿ ಒಳಗೆಳೆಯುವ ಒಂದು ಫ್ಯಾನು, ಹಿಂದೆ ಹೊರಹಾಕುವ ಒಂದು ಫ್ಯಾನು ಇರಲಿ, ಧೂಳನ್ನು ಆಗಾಗ ತೆಗೆಯುತ್ತಿರಿ.

ಪ್ರಶ್ನೆ: ಐ5 12400ಎಫ್ ಪ್ರೊಸೆಸರ್, ಬಿ760 ಬೋರ್ಡ್ ಮತ್ತು ಡಿಡಿಆರ್5 ರ‍್ಯಾಮ್ ಕೊಂಡು ನಾನೇ ಜೋಡಿಸಲು ಹೊರಟೆ. ರ‍್ಯಾಮ್ ಸ್ಲಾಟಿಗೆ ಇಳಿಯುತ್ತಿಲ್ಲ. ಇನ್ನಷ್ಟು ಒತ್ತಬೇಕೇ? (ಮಂಗಳೂರಿನ ಓದುಗರು)

ಉತ್ತರ: ಒತ್ತಲೇಬೇಡಿ. ಡಿಡಿಆರ್4 ಮತ್ತು ಡಿಡಿಆರ್5 ಎರಡರಲ್ಲೂ 288 ಪಿನ್ನುಗಳೇ ಇದ್ದು, ಉದ್ದವೂ ಒಂದೇ ಆಗಿ ಕಂಡರೂ, ನಡುವಿನ ಕಚ್ಚು ಬೇರೆ ಬೇರೆ ಜಾಗದಲ್ಲಿದೆ. ನಿಮ್ಮ ಪ್ರೊಸೆಸರ್ ಎರಡನ್ನೂ ಒಪ್ಪುತ್ತದೆ. ಬೋರ್ಡು ಮಾತ್ರ ಒಂದನ್ನೇ ಒಪ್ಪುತ್ತದೆ. ಬೋರ್ಡಿನ ಮಾಡೆಲ್ ಹೆಸರಿನಲ್ಲಿ ‘ಡಿ4’ ಅಥವಾ ‘ಡಿಡಿಆರ್4’ ಎಂದಿದೆಯೇ ನೋಡಿ. ಇದ್ದರೆ ಕಾರಣ ಸಿಕ್ಕಂತಾಯಿತು. ಬಿಲ್ ಮತ್ತು ಡಬ್ಬಿಯೊಂದಿಗೆ ಅಂಗಡಿಗೆ ಹೋಗಿ, ಪ್ರೊಸೆಸರ್ ಕೂರಿಸಿ ಬಿಚ್ಚಿರುವ ಬೋರ್ಡಿಗಿಂತ ಸುಲಭವಾಗಿ ಬದಲಾಯಿಸಿಕೊಡುವ ರ‍್ಯಾಮನ್ನೇ ಬದಲಿಸಿಕೊಳ್ಳಿ. ನಿಮ್ಮ ಪ್ರೊಸೆಸರಿನ ಹೆಸರಿನ ಕೊನೆಯಲ್ಲಿರುವ ‘ಎಫ್’ ಅದರಲ್ಲಿ ಗ್ರಾಫಿಕ್ಸ್ ಇಲ್ಲವೆಂಬುದರ ಸೂಚನೆ. ಆದ್ದರಿಂದ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಈ ಕಂಪ್ಯೂಟರಿನಲ್ಲಿ ಚಿತ್ರ ಬರುವುದಿಲ್ಲ, ಮತ್ತು ಕಾರ್ಡ್ ಹಾಕಿದ ಮೇಲೆ ಮಾನಿಟರಿನ ಎಚ್‌ಡಿಎಂಐ ಕೇಬಲನ್ನು ಬೋರ್ಡಿನ ಪೋರ್ಟಿಗಲ್ಲ, ಕಾರ್ಡಿನ ಪೋರ್ಟಿಗೇ ಸಿಕ್ಕಿಸಬೇಕು.