ಲಾಕ್ ಆತ್ಮವನ್ನು ಅಲ್ಲಗಳೆದನೇ?

ನೆನಪೇ ವ್ಯಕ್ತಿಯ ಗುರುತು ಎಂದ ಇಂಗ್ಲಿಷ್ ತತ್ವಜ್ಞಾನಿ ಜಾನ್ ಲಾಕ್ ಆತ್ಮವನ್ನೇ ಅಲ್ಲಗಳೆದಂತಾಗಲಿಲ್ಲವೇ ಎಂದು ಕೇಳಿದ್ದೀರಿ. ಇಲ್ಲ, ಆತ ಅಷ್ಟು ದೂರ ಹೋಗಲಿಲ್ಲ. ಮಾನವನ ತಿಳಿವಳಿಕೆಯನ್ನು ಕುರಿತ ತನ್ನ ಪ್ರಬಂಧದ 1694ರ ಎರಡನೆಯ ಆವೃತ್ತಿಗೆ ಸೇರಿಸಿದ ಅಧ್ಯಾಯದಲ್ಲಿ ಅವನು ಆತ್ಮದ ಇರವನ್ನು ಪ್ರಶ್ನಿಸುವುದಿಲ್ಲ. ಅಂದಿನವನೇ ಇಂದಿನವನೂ ಎನ್ನುವುದಕ್ಕೆ ಆಧಾರ ಆತ್ಮವಲ್ಲ, ಹಿಂದೆ ಮಾಡಿದ್ದನ್ನು ತನ್ನದೆಂದು ಅರಿಯುವ ಪ್ರಜ್ಞೆ ಎನ್ನುತ್ತಾನೆ, ಅಷ್ಟೆ. ಸಾಕ್ರಟೀಸನ ಆತ್ಮವೇ ತನ್ನಲ್ಲಿದೆ ಎಂದು ನಂಬಿದವನೊಬ್ಬನ ಮಾತನ್ನು ಅವನು ಅಲ್ಲಿ ಪ್ರಸ್ತಾಪಿಸುತ್ತಾನೆ. ಸಾಕ್ರಟೀಸನ ಒಂದು ಕೆಲಸವೂ ಒಂದು ಯೋಚನೆಯೂ ತನ್ನದೆಂಬ ಅರಿವು ಅವನಿಗಿಲ್ಲದಿದ್ದರೆ, ಆತ್ಮ ಅದೇ ಆಗಿದ್ದರೂ ವ್ಯಕ್ತಿ ಸಾಕ್ರಟೀಸನಲ್ಲ. ಪುನರ್ಜನ್ಮವನ್ನು ಒಪ್ಪುವ ನಮ್ಮಂಥವರಿಗೆ ಇದು ತುಸು ಇರುಸುಮುರುಸಿನ ವಾದವೇ ಸರಿ.

ಇದಕ್ಕೆ ನನಗೆ ಬಲವಾಗಿ ತೋರುವ ಆಕ್ಷೇಪ 1785ರಲ್ಲಿ ಸ್ಕಾಟ್ಲೆಂಡಿನ ತತ್ವಜ್ಞಾನಿ ಥಾಮಸ್ ರೀಡ್ ಎತ್ತಿದ್ದು. ಹಣ್ಣಿನ ತೋಟಕ್ಕೆ ನುಗ್ಗಿ ಕದ್ದು ಏಟು ತಿಂದ ಹುಡುಗ ಮುಂದೆ ಸೈನ್ಯಾಧಿಕಾರಿಯಾಗಿ ಶತ್ರುವಿನ ಧ್ವಜವನ್ನು ಕಿತ್ತುಕೊಳ್ಳುತ್ತಾನೆ, ಕೊನೆಗೆ ಸೇನಾಪತಿಯಾಗುತ್ತಾನೆ. ಅಧಿಕಾರಿಗೆ ಆ ಏಟು ನೆನಪಿದೆ. ಸೇನಾಪತಿಗೆ ಧ್ವಜ ನೆನಪಿದೆ, ಏಟು ಮರೆತಿದೆ. ಲಾಕ್‌ನ ಲೆಕ್ಕದಲ್ಲಿ ಹುಡುಗನೂ ಅಧಿಕಾರಿಯೂ ಒಬ್ಬನೇ, ಅಧಿಕಾರಿಯೂ ಸೇನಾಪತಿಯೂ ಒಬ್ಬನೇ, ಆದರೆ ಹುಡುಗನೂ ಸೇನಾಪತಿಯೂ ಬೇರೆ ಬೇರೆ ಎಂದಾಗಿಬಿಡುತ್ತದೆ.